ಹೆಸರು ಕೇಳಲು ಕಲಿತ ಅಂಬುಜಾ

ಭೂಗೋಳದ ದಕ್ಷಿಣ ತುದಿಯ ಹ್ಯಾಮಿಲ್ಟನ್ ಊರಿಗೆ ಜುಲೈ ಎಂದರೆ ನಡು ಚಳಿಗಾಲ. ವೈಕಾಟೋ ನದಿಯಿಂದ ಎದ್ದ ಮಂಜು ಬೀದಿ ದೀಪಗಳನ್ನು ನುಂಗಿ ಕೂತಿದೆ. ಎದುರಿನ ಮೂಲೆಯ ಡೇರಿ ಅಂಗಡಿಯವನು ಇನ್ನೂ ಬಾಗಿಲು ತೆಗೆದಿಲ್ಲ. ವೃದ್ಧಾಶ್ರಮದ ಉದ್ದನೆಯ ಕಾರಿಡಾರಿನಲ್ಲಿ ಮಾತ್ರ ಔಷಧಿ ಟ್ರಾಲಿಯ ಒಂದು ಗಾಲಿ ಕಿರುಗುಡುತ್ತ ಬರುತ್ತಿದೆ. ಅದಕ್ಕೆ ಎಣ್ಣೆ ಬಿಡಿ ಎಂದು ಅಂಬುಜಾ ಆಫೀಸಿಗೆ ಹೇಳಿ ಹೇಳಿ ಸುಸ್ತಾಗಿದ್ದಾರೆ. ಈಗ ಆ ಸದ್ದು ಕೇಳಿದರೇ ಅಜ್ಜ ಅಜ್ಜಿಯರು ಎದ್ದು ಕೂರುತ್ತಾರೆಂದು ಸುಮ್ಮನಾಗಿದ್ದಾರೆ.

ಮೊದಲ ಬಾಗಿಲು ನ್ಯಾನಿ ಕಾಹು ಅವರದು. ವಯಸ್ಸು ಎಂಬತ್ತು ದಾಟಿದ, ಈ ನೆಲದ ಮೂಲನಿವಾಸಿಗಳಾದ ಮಾವೊರಿ ಜನದ ಅಜ್ಜಿ; ಇಲ್ಲಿ ನ್ಯಾನಿ ಎಂದರೂ ಅಜ್ಜಿ ಎಂದೇ. ಪಿರೋಂಗಿಯಾ ಬೆಟ್ಟದ ಬುಡದಲ್ಲಿ ಜೀವಮಾನವಿಡೀ ಹಸು ಸಾಕಿ ಹಾಲು ಕರೆದವರು. ಈಗ ಮಂಡಿ ಎರಡೂ ಹೋಗಿವೆ, ನಾಲಿಗೆ ಮಾತ್ರ ಎಳೆಯ ಹುಡುಗಿಯದು. ಅಂಬುಜಾ ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ, ದೀಪ ಹಾಕುತ್ತಾರೆ, ಚಳಿಗೆ ಮರಗಟ್ಟಿದ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಕೇಳುತ್ತಾರೆ: "ನ್ಯಾನಿ, ನಿಮ್ಮ ಪೂರ್ತಿ ಹೆಸರು ಹೇಳ್ತೀರಾ?"

"ನಿನ್ನೆ ಇದ್ದದ್ದೇ ಕಣೇ," ಎನ್ನುತ್ತಾರೆ ಅಜ್ಜಿ, ಕಣ್ಣು ಬಿಡದೆಯೇ. "ರಾತ್ರಿ ಯಾರೂ ಬಂದು ನನ್ನನ್ನ ಮದುವೆ ಮಾಡ್ಕೊಂಡು ಹೋಗಲಿಲ್ಲ."

ಇಬ್ಬರೂ ನಗುತ್ತಾರೆ. ಆಮೇಲೆ ಅಜ್ಜಿ ದಿಂಬಿನಿಂದ ತಲೆ ಎತ್ತಿ, ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ಹೇಳುವಂತೆ ಹೇಳುತ್ತಾರೆ: ಕಾಹು ಮಾರ್ಗರೆಟ್ ಟೇಲರ್. ಹುಟ್ಟಿದ ತಾರೀಕನ್ನೂ ಸೇರಿಸುತ್ತಾರೆ. ಅಂಬುಜಾ ಮುಂಗೈ ಪಟ್ಟಿ ನೋಡುತ್ತಾರೆ, ಔಷಧಿ ಚಾರ್ಟು ನೋಡುತ್ತಾರೆ, ಮೂರೂ ಒಂದೇ ಎಂದು ಖಾತ್ರಿಯಾದ ಮೇಲೆಯೇ ಮಾತ್ರೆ. ಇವರಿಬ್ಬರ ಪರಿಚಯಕ್ಕೆ ಈಗ ಆರು ವರ್ಷ. ಅಜ್ಜಿಯ ಸಕ್ಕರೆ ಎಷ್ಟು, ಮೊಮ್ಮಗಳ ಗಂಡ ಎಂಥವನು, ಚಹಾಕ್ಕೆ ಹಾಲು ಮೊದಲೋ ನೀರು ಮೊದಲೋ, ಎಲ್ಲವೂ ಅಂಬುಜಾಗೆ ಗೊತ್ತು. ಆದರೂ ದಿನ ಬೆಳಗಾದರೆ ಅದೇ ಪ್ರಶ್ನೆ. ಈ ಒಂದು ಪ್ರಶ್ನೆಯನ್ನು ಬಾಯಿಂದ ಹೊರಡಿಸಲು ಆಕೆ ಪಟ್ಟ ಪಾಡು, ಉಳಿದ ಇಡೀ ನರ್ಸಿಂಗ್ ಓದಿಗೂ ಪಡಲಿಲ್ಲ.

ಅಂಬುಜಾ ಗದಗ ಜಿಲ್ಲೆಯ ರೋಣದ ಕಡೆಯವರು. ಅಲ್ಲಿನ ಆರೋಗ್ಯ ಉಪಕೇಂದ್ರವೊಂದರಲ್ಲಿ ಸಹಾಯಕಿ ನರ್ಸ್ ಆಗಿದ್ದರು. ಊರವರ ಬಾಯಲ್ಲಿ 'ಸಿಸ್ಟರ್ ಅಕ್ಕಾರು'. ಹೆಗಲಿಗೆ ಲಸಿಕೆಯ ಐಸ್ ಡಬ್ಬಿ, ಕಾಲಿಗೆ ಎರೆಮಣ್ಣು. ಹೆರಿಗೆ ಮಾಡಿಸಿದ್ದಕ್ಕೆ ಲೆಕ್ಕವಿಟ್ಟವರಲ್ಲ. ಆ ಕೆಲಸದಲ್ಲಿ ಒಂದು ದೊಡ್ಡ ತೊಡಕು ಎಂದರೆ ಹೆಸರು. ಗಂಡನ ಹೆಸರೇನಮ್ಮ ಎಂದರೆ ಹೆಂಡತಿ ಸೆರಗು ಬಾಯಿಗಿಟ್ಟು ನಗುತ್ತಾಳೆ. ಮಾವನ ಹೆಸರು ಸೊಸೆ ಹೇಳುವಂತಿಲ್ಲ. ಕಟ್ಟೆಯ ಮೇಲೆ ಕೂತ ಹಿರಿಯರನ್ನು ನೇರ ಕೇಳಿದರೆ ಅವರಿಗೆ ಸಿಟ್ಟು. ಅಂಬುಜಾ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಅತ್ತೆಯ ಹೆಸರನ್ನು ಪಕ್ಕದ ಮನೆಯವಳಿಂದ, ಅಜ್ಜನ ಹೆಸರನ್ನು ಮೊಮ್ಮಕ್ಕಳಿಂದ ತಿಳಿದುಕೊಳ್ಳುವುದು. ಎದುರಿಗೆ ಮಾತ್ರ ಎಲ್ಲರೂ ಅಜ್ಜಾರು, ಅವ್ವಾರು, ಕಾಕಾರು.

"ನಮ್ಮ ಕಡೆ ಹಿರ್ಯಾರ ಮುಂದ ನಿಂತು 'ನಿಮ್ಮ ಹೆಸರೇನು' ಅಂತ ಕೇಳೂದಂದ್ರ ಅದು ಪೊಲೀಸ್ರು ಕೇಳೂದ್ರೀ," ಎನ್ನುತ್ತಾರೆ ಅಂಬುಜಾ, ಪತ್ರಿಕೆಯವರೊಡನೆ ಮಾತಿಗೆ ಕೂತು. "ಇಲ್ಲಾ ಅಂದ್ರ ಹೆಣ್ಣು ನೋಡಾಕ ಬಂದೋರು ಕೇಳೂದು. ಅವರೂ ಹಿರ್ಯಾರನ್ನ ಕೇಳಂಗಿಲ್ಲ, ಹುಡುಗೀನ್ನ ಕೇಳ್ತಾರ."

ಗಂಡ ಚಿದಾನಂದ ಹೊಂಬಳ ಫಿಟ್ಟರ್. ಹ್ಯಾಮಿಲ್ಟನ್ ಸುತ್ತ ಹಾಲಿನ ಪುಡಿ ಮಾಡುವ ಕಾರ್ಖಾನೆಗಳಿಗೆ ಕೈ ಪಳಗಿದವರು ಬೇಕಾಗಿದ್ದ ಕಾಲ. ಎರಡು ಸಾವಿರದ ಒಂದರಲ್ಲಿ ಸಂಸಾರ ಇಲ್ಲಿಗೆ ಬಂತು. ಅಂಬುಜಾ ಜೊತೆಗೆ ತಂದ ನರ್ಸಿಂಗ್ ಸರ್ಟಿಫಿಕೇಟು ಮಾತ್ರ ಇಲ್ಲಿ ನಡೆಯಲಿಲ್ಲ. ವೃದ್ಧಾಶ್ರಮದಲ್ಲಿ ಕೇರ್‌ಗಿವರ್ ಕೆಲಸ ಸಿಕ್ಕಿತು. ಮೈ ತೊಳೆಸುವುದು, ಊಟ ಮಾಡಿಸುವುದು, ಹಾಸಿಗೆ ಬದಲಿಸುವುದು. ತಲೆಗಿಡುವ ದಿಂಬನ್ನು ಕಾಲಿಗೆ ಇಡಬಾರದು, ಮಾವೊರಿ ಜನಕ್ಕೆ ತಲೆ ಬಹಳ ಪವಿತ್ರ ಎಂದು ಮೊದಲ ದಿನ ಮೇಲಿನವರು ಪಾಠ ಮಾಡಿದಾಗ ಆಕೆಗೆ ಆಶ್ಚರ್ಯವಾಯಿತು. ಇದನ್ನೂ ಹೇಳಿಕೊಡಬೇಕೇ? ಆಕೆಯ ಮನೆಯಲ್ಲಿ ದಿಂಬಿಗೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಂಡು ನಮಸ್ಕಾರ ಮಾಡಿಯೇ ಮುಂದಿನ ಮಾತು.

ಕೆಲಸಕ್ಕೆ ಆಕೆ ಬೇಸರಪಟ್ಟವರಲ್ಲ. ಬೇಸರವಾಗುತ್ತಿದ್ದದ್ದು ಒಂದೇ ಕಡೆ. ಬೆಳಗಿನ ಚಳಿಗೆ ನ್ಯಾನಿ ಕಾಹು ಮಂಡಿ ಹಿಡಿದುಕೊಂಡು ನರಳುತ್ತಿರುತ್ತಾರೆ. ನೋವಿನ ಮಾತ್ರೆ ಎದುರಿನ ಕಪಾಟಿನಲ್ಲೇ ಇದೆ. ಆದರೆ ಕೇರ್‌ಗಿವರ್ ಅದನ್ನು ಮುಟ್ಟುವಂತಿಲ್ಲ. ನರ್ಸ್ ಇನ್ನೊಂದು ವಿಂಗಿನಲ್ಲಿ ಬೇರೆ ಯಾರನ್ನೋ ನೋಡುತ್ತಿದ್ದಾರೆ. ಅವರು ಬರುವ ತನಕ ಅಂಬುಜಾ ಅಜ್ಜಿಯ ಕೈ ಹಿಡಿದು, ಬೀಗ ಹಾಕಿದ ಕಪಾಟನ್ನು ನೋಡುತ್ತ ನಿಲ್ಲಬೇಕು.

"ವಿದ್ಯಾ ಕೈಯಾಗ ಐತಿ, ಕೀಲಿಕೈ ಇಲ್ಲ. ಹೊಟ್ಟಿ ಉರೀತಿತ್ರೀ," ಎನ್ನುತ್ತಾರೆ. "ಆವತ್ತ ಮನೀಗೆ ಹೋಗಿ ನಮ್ಮನಿಯವರಿಗೆ ಅಂದೆ: ನಾ ಮತ್ತ ಸಾಲಿಗೆ ಹೋಗ್ತೀನಿ."

ಮನೆಯವರು ಬೇಡವೆನ್ನಲಿಲ್ಲ. ನಲವತ್ತು ದಾಟಿದ ಹೆಂಡತಿ ಚೀಲ ಹೆಗಲಿಗೇರಿಸಿ ಪಾಲಿಟೆಕ್ನಿಕ್‌ಗೆ ಹೊರಟರು. ನರ್ಸ್ ಅಸಿಸ್ಟೆಂಟ್ ಕೋರ್ಸು. ಅದು ಮುಗಿದು, ಪ್ರಾಯೋಗಿಕ ಪರೀಕ್ಷೆ ಪಾಸಾದವರು ಮಾತ್ರ ದೇಶಮಟ್ಟದ ಲಿಖಿತ ಪರೀಕ್ಷೆಗೆ ಕೂರಬಹುದು. ಅದೂ ಆದರೆ ಲೈಸೆನ್ಸು. ವಾರಾಂತ್ಯದ ಕೆಲಸ ಬಿಡಲಿಲ್ಲ. ಒಲೆಯ ಮೇಲೆ ರೊಟ್ಟಿ, ಪಕ್ಕದಲ್ಲಿ ಹೃದಯದ ಚಿತ್ರ. ರೊಟ್ಟಿ ಎಷ್ಟೋ ಸಲ ಸೀದದ್ದುಂಟು. ಸೀದ ರೊಟ್ಟಿಯನ್ನು ಚಿದಾನಂದ ಶೇಂಗಾ ಚಟ್ನಿಯಲ್ಲಿ ಮುಚ್ಚಿ ತಿಂದು, ಬಹಳ ಚಲೋ ಆಗೇತಿ ಎಂದದ್ದೂ ಉಂಟು. ಇಂಗ್ಲಿಷಿನ ಉದ್ದುದ್ದ ಪದಗಳು ಕಾಡಿದವು, ಆದರೂ ಹಿಡಿತಕ್ಕೆ ಬಂದವು. ಪುಸ್ತಕದ ಪರೀಕ್ಷೆಗಳಲ್ಲೆಲ್ಲ ಒಳ್ಳೆಯ ಅಂಕ. ಪ್ರಾಯೋಗಿಕದ ಬಗ್ಗೆ ಯಾರಿಗೂ ಚಿಂತೆಯೇ ಇರಲಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದ ಕೈ ಅಲ್ಲವೇ?

ಅಲ್ಲೇ ಎಡವಿದ್ದು. ಕಾಲೇಜಿನ ಕೋಣೆಯೊಂದನ್ನು ವಾರ್ಡಿನಂತೆ ಸಜ್ಜು ಮಾಡಿದ್ದರು. ಹಾಸಿಗೆಯ ಮೇಲೆ ಒಬ್ಬ ಬಿಳಿತಲೆಯ ಗೃಹಸ್ಥರು, ರೋಗಿಯ ಪಾತ್ರ ಮಾಡಲು ಬಂದ ಸ್ವಯಂಸೇವಕರು. ಅಂಬುಜಾ ಕೈ ತೊಳೆದರು. "ಗುಡ್ ಮಾರ್ನಿಂಗ್ ಅಂಕಲ್" ಎಂದು ಬಾಯ್ತುಂಬ ನಕ್ಕರು. ಬೆನ್ನಿಗೆ ದಿಂಬು ಸರಿ ಮಾಡಿದರು. ಚಾರ್ಟಿನಲ್ಲಿ ಬರೆದ ಮಾತ್ರೆಯೆಂದು ಇಟ್ಟಿದ್ದ ಸಕ್ಕರೆ ಗುಳಿಗೆಯನ್ನೇ, ಬರೆದಷ್ಟೇ ಕೊಟ್ಟು, ನೀರು ಕುಡಿಸಿ, ತುಟಿ ಒರೆಸಿದರು. ಮುದುಕರಿಗೆ ಬಹಳ ಸಂತೋಷವಾದಂತೆ ಕಂಡಿತು.

ಪರೀಕ್ಷಕಿ ಪೆನ್ನು ಕೆಳಗಿಟ್ಟು ಕೇಳಿದರು: "ಅಂಬುಜಾ, ಈಗ ನೀವು ಮಾತ್ರೆ ಕೊಟ್ಟದ್ದು ಯಾರಿಗೆ?"

"ಅಂಕಲ್‌ಗೆ," ಎಂದರು ಅಂಬುಜಾ.

ಆಮೇಲೆ ಮುಂಗೈ ಪಟ್ಟಿ ತಿರುಗಿಸಿ ನೋಡಿದರು. ಪಟ್ಟಿಯ ಮೇಲೆ ಒಂದು ಹೆಸರು, ಚಾರ್ಟಿನ ಮೇಲೆ ಇನ್ನೊಂದು. ಬೇಕೆಂದೇ ಹಾಗಿಟ್ಟಿದ್ದರು. ಹೆಸರು ಹೇಳಿ ಎಂದು ಒಂದು ಮಾತು ಕೇಳಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಪುಸ್ತಕದಲ್ಲಿ ಆ ನಿಯಮ ಆಕೆ ಓದಿದ್ದರು, ಉತ್ತರಪತ್ರಿಕೆಯಲ್ಲಿ ಸರಿಯಾಗಿ ಬರೆದೂ ಇದ್ದರು. ಬಿಳಿ ತಲೆ ಎದುರಿಗೆ ಕಂಡೊಡನೆ ಬಾಯಿ ಮಾತ್ರ ರೋಣದ ಬಾಯಾಗಿಬಿಟ್ಟಿತು. ಫೇಲು. ಇನ್ನೊಂದೇ ಅವಕಾಶ ಇದೆ, ಅದೂ ತಪ್ಪಿದರೆ ಇಡೀ ಕೋರ್ಸು ಮೊದಲಿನಿಂದ ಎಂದರು. ಮತ್ತೊಮ್ಮೆ ಮೊದಲಿನಿಂದ ಓದುವ ತ್ರಾಣ ತನಗಿಲ್ಲ, ತಪ್ಪಿದರೆ ಕೀಲಿಕೈಯ ಆಸೆ ಅಲ್ಲಿಗೆ ಮುಗಿಯಿತು ಎಂಬುದು ಆಕೆಗೆ ಗೊತ್ತಿತ್ತು.

"ಇದು ನಿಜವಾದ ವಾರ್ಡ್ ಆಗಿದ್ರ? ಯಾರದೋ ಬಿಪಿ ಗುಳಿಗಿ ಇನ್ಯಾರಿಗೋ ಕೊಟ್ಟಿದ್ರ?" ಅಂಬುಜಾ ಈಗಲೂ ತಲೆ ಕೊಡವಿಕೊಳ್ಳುತ್ತಾರೆ. "ಪ್ರೀತಿ ಮಾಡಿ ಮಾಡೇ ಕೊಂದುಬಿಡ್ತಿದ್ನಲ್ರೀ ಆ ಮುದುಕರನ್ನ!"

ಮನೆಯಲ್ಲಿ ತಾಲೀಮು ಶುರುವಾಯಿತು. ಚಿದಾನಂದ ಸೋಫಾದ ಮೇಲೆ ರಗ್ಗು ಹೊದ್ದು ರೋಗಿಯಾದರು. ಅಂಬುಜಾ ಟ್ರೇ ಹಿಡಿದು ಬಂದರು. ಹೆಸರು ಕೇಳುವುದು, ಕೇಳಿದ ಹೆಸರನ್ನು ತಾನೂ ಒಮ್ಮೆ ಹೇಳಿ ಪಟ್ಟಿಯೊಡನೆ ತಾಳೆ ನೋಡುವುದು. ಗಂಡನ ಮೇಲೆ ಇಂಥ ಪ್ರಯೋಗಕ್ಕಿಳಿದದ್ದೇ ದೊಡ್ಡ ಬುದ್ಧಿವಂತಿಕೆ! ಮದುವೆಯಾದ ಲಾಗಾಯ್ತಿನಿಂದ ಆ ಹೆಸರು ಆಕೆಯ ಬಾಯಲ್ಲಿ ಬಂದಿಲ್ಲ. ತನ್ನ ಹೆಸರನ್ನೂ 'ಅಂಬುಜಾ ಸಿ. ಹೊಂಬಳ' ಎಂದು ಇನಿಷಿಯಲ್ಲಿನಲ್ಲೇ ದಾಟಿಸುವವರು.

"ಹೆಸರೇನು ಅಂತ ಕೇಳಿದ್ಲು, ನಾ ಹೇಳಿದೆ. 'ಥ್ಯಾಂಕ್ಯೂ ಮಿಸ್ಟರ್...' ಅಂದಾಕಿ ಅಲ್ಲೇ ನಿಂತ್ಲು," ಎಂದು ಚಿದಾನಂದ ನಗುತ್ತಾರೆ. "ನಾನರ ಎಷ್ಟೊತ್ತು ಮಲಗಲಿ? ನಿದ್ದಿ ಹತ್ತಿಬಿಡ್ತು."

ದಾರಿ ತೋರಿಸಿದ್ದು ನ್ಯಾನಿ ಕಾಹು. ಫೇಲಾದ ವಾರಾಂತ್ಯ ಅಂಬುಜಾ ಎಂದಿನಂತೆ ಹಾಸಿಗೆ ಬದಲಿಸುತ್ತಿದ್ದಾಗ ಅಜ್ಜಿ ಆಕೆಯ ಕೆಂಪಾದ ಕಣ್ಣು ನೋಡಿ, ಕೂತ್ಕೋ ಎಂದರು. ಕತೆಯೆಲ್ಲ ಕೇಳಿಕೊಂಡು ಮೊದಲು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಹೇಳಿದರು:

"ನಮ್ಮಲ್ಲೂ ಹಂಗೇ ಕಣೇ. ಹಿರಿಯರ ಮುಂದೆ ನಿಂತು 'ಯಾರು ನೀನು' ಅಂತ ಕೇಳೋದಿಲ್ಲ. ಯಾವ ಕಡೆಯವರು ಅಂತ ಕೇಳ್ತೀವಿ. ಆಗ ನಾನು ನನ್ನ ಬೆಟ್ಟದ ಹೆಸರು ಹೇಳ್ತೀನಿ, ನನ್ನ ನದಿ ಹೆಸರು, ನನ್ನ ಜನದ ಹೆಸರು. ನನ್ನ ಹೆಸರು ಕಟ್ಟಕಡೇಲಿ."

"ಹಂಗಾದ್ರ ನಾ ಕೇಳ್ಬಾರ್ದು ಅಲ್ಲ?"

"ಪೂರ್ತಿ ಕೇಳಿಸ್ಕೊ. ಈ ಮನೆಗೆ ಬಂದಮೇಲೆ ನನ್ನನ್ನ ಯಾರೂ ಏನೂ ಕೇಳಿಲ್ಲ. ಎಲ್ಲರೂ ಬಾಗಿಲ ಮೇಲಿನ ಚೀಟಿ ನೋಡ್ಕೊಂಡು ಒಳಗೆ ಬರ್ತಾರೆ. ಒಬ್ಬಳು ಡಾರ್ಲಿಂಗ್ ಅಂತಾಳೆ, ಇನ್ನೊಬ್ಬಳು ಸ್ವೀಟಿ ಅಂತಾಳೆ. ನೀನು ನ್ಯಾನಿ ಅಂತೀಯ. ನನ್ನ ಹೆಸರು ನನ್ನ ಬಾಯಲ್ಲಿ ಬಂದು ಎಷ್ಟು ಕಾಲ ಆಯ್ತೋ! ಒಂದು ಸಲ ಕೇಳೇ, ಹೇಳ್ತೀನಿ."

ಅಂಬುಜಾ ಕೇಳಿದರು. ಅಜ್ಜಿ ಪಿರೋಂಗಿಯಾ ಬೆಟ್ಟದಿಂದ ಶುರು ಮಾಡಿ, ವೈಪಾ ನದಿ ದಾಟಿ, ಅಪ್ಪ ಅಮ್ಮ ಅಜ್ಜಂದಿರನ್ನೆಲ್ಲ ಮಾತನಾಡಿಸಿಕೊಂಡು, ಕೊನೆಗೆ ಕಾಹು ಮಾರ್ಗರೆಟ್ ಟೇಲರ್‌ಗೆ ಬಂದು ನಿಂತರು. ಕುಗ್ಗಿದ್ದ ಭುಜ ನೆಟ್ಟಗಾಗಿತ್ತು. ಹೆಸರು ಕೇಳಿದರೆ ಮರ್ಯಾದೆ ಹೋಗುತ್ತದೆ ಎಂದು ಅಂಬುಜಾ ಅಂದುಕೊಂಡಿದ್ದರು. ಕೇಳದೇ ಇದ್ದದ್ದರಿಂದ ಈ ಹೆಣ್ಣುಮಗಳಿಗೆ ಏನೇನು ತಪ್ಪಿಹೋಗಿತ್ತು ಎಂಬುದು ಆಗ ತಿಳಿಯಿತು. ಅಲ್ಲಿಂದ ಮುಂದೆ ಶನಿವಾರ ಭಾನುವಾರ ಬೆಳಗ್ಗೆ ಇಬ್ಬರದೂ ಅದೇ ತಾಲೀಮು. ಬಾಗಿಲು ತಟ್ಟುವುದು, ಕೈ ಹಿಡಿಯುವುದು, ಕೇಳುವುದು. ಧ್ವನಿ ಪೊಲೀಸಿನಂತಾದರೆ ಅಜ್ಜಿ "ಮತ್ತೆ ಹೊರಗೆ ಹೋಗಿ ಬಾ" ಎನ್ನುತ್ತಿದ್ದರು.

ಎರಡನೆಯ ಪರೀಕ್ಷೆಯ ದಿನ. ಅಂಬುಜಾ ಧೈರ್ಯವಾಗಿ ಪರದೆ ಸರಿಸಿ ನೋಡುತ್ತಾರೆ, ಹಾಸಿಗೆಯ ಮೇಲೆ ಬದರಿನಾಥ್ ಅಂಕಲ್!

ಈ ಬದರಿನಾಥ್ ಮೈಸೂರು ಕಡೆಯ ನಿವೃತ್ತ ಎಂಜಿನಿಯರ್. ಮಗನ ಮನೆಗೆ ಬಂದು ನೆಲೆಸಿದವರು, ಹೊತ್ತು ಹೋಗದೆ ಕಾಲೇಜಿಗೆ ಸ್ವಯಂಸೇವಕರಾಗಿ ಸೇರಿಕೊಂಡಿದ್ದರು. ಕನ್ನಡದವರು ಸೇರಿದ ಯುಗಾದಿ ಊಟದಲ್ಲಿ ಅಂಬುಜಾ ಕಾಲುಮುಟ್ಟಿ ನಮಸ್ಕಾರ ಮಾಡಿದ್ದು ಇದೇ ಅಂಕಲ್‌ಗೆ. ಪರೀಕ್ಷೆ ಏರ್ಪಡಿಸಿದವರಿಗೆ ಇದಾವುದೂ ತಿಳಿಯದು. ಅಂಕಲ್ ಮಾತ್ರ ತಾವು ರೋಗಿ ಎಂಬುದನ್ನೇ ಮರೆತು ಮುಖ ಅರಳಿಸಿ, "ಏನಮ್ಮ, ಚೆನ್ನಾಗಿದೀಯಾ? ಯಜಮಾನ್ರು ಹೇಗಿದಾರೆ?" ಎಂದರು.

ಅಂಬುಜಾ ಕೈ ತೊಳೆದರು, ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಆಮೇಲೆ ಹತ್ತಿರ ಹೋಗಿ ಎರಡೂ ಕೈ ಜೋಡಿಸಿದರು. "ನಿಮ್ಮ ಪೂರ್ತಿ ಹೆಸರು ಹೇಳ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನನ್ನ ಹೆಸರು ನಿನಗೆ ಗೊತ್ತಿಲ್ವೇನಮ್ಮ?" ಅಂಕಲ್‌ಗೆ ನಿಜಕ್ಕೂ ಬೇಸರವಾಗಿತ್ತು.

"ಗೊತ್ತೈತ್ರೀ ಅಂಕಲ್. ಆದ್ರೂ ನಿಮ್ಮ ಬಾಯಿಂದ ಕೇಳ್ಬೇಕು."

ಮುದುಕರಿಗೂ ಏನೋ ಹಿತವೆನಿಸಿರಬೇಕು. ಎದ್ದು ಕೂತು, ಅಪ್ಪನ ಹೆಸರು ಊರಿನ ಹೆಸರು ಸಮೇತ ತಮ್ಮ ಹೆಸರು ಹೇಳಿದರು. ಪಟ್ಟಿ ಸರಿಯಾಗಿದೆ, ಚಾರ್ಟೂ ಸರಿಯಾಗಿದೆ. ಹುಟ್ಟಿದ ತಾರೀಕು? "ಡಿಸೆಂಬರ್ ಹನ್ನೆರಡು," ಎಂದರು ಅಂಕಲ್ ಹುರುಪಿನಲ್ಲಿ. ಪಟ್ಟಿಯಲ್ಲೂ ಚಾರ್ಟಿನಲ್ಲೂ ಜೂನ್ ಒಂದು.

ಯಾಕೆ ಹೀಗೆ ಎಂದು ಅಂಬುಜಾಗೆ ಹೊಳೆಯದೇ ಇರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಂಡಿರುತ್ತಾರೆ, ಅದೇ ಪಾಸ್‌ಪೋರ್ಟಿಗೂ, ಅಲ್ಲಿಂದ ಈ ಪಟ್ಟಿಗೂ ಬಂದಿರುತ್ತದೆ. ಜಾತಕದ ತಾರೀಕು ಬೇರೆ. ನಮ್ಮ ಕಡೆಯ ಹಿರಿಯರಲ್ಲಿ ಎಷ್ಟೋ ಜನಕ್ಕೆ ಹುಟ್ಟಿದ ದಿನ ಎರಡೆರಡು. ನಕ್ಕು ಮಾತ್ರೆ ಕೊಟ್ಟುಬಿಡಬಹುದಿತ್ತು. ಗೊತ್ತಿರುವವರಲ್ಲವೇ! ಆದರೆ ಗೊತ್ತಿದೆ ಎಂದುಕೊಂಡೇ ಅಲ್ಲವೇ ಹಿಂದಿನ ಸಲ ಮುಗ್ಗರಿಸಿದ್ದು? ಅಂಬುಜಾ ಮಾತ್ರೆಯ ಬಟ್ಟಲನ್ನು ಟ್ರೇಯಲ್ಲಿ ಹಿಂದಕ್ಕಿಟ್ಟರು. ಪರೀಕ್ಷಕಿಯ ಕಡೆ ತಿರುಗಿ, "ತಾರೀಕು ಹೊಂದುತ್ತಿಲ್ಲ. ಕಾರಣ ನಾನು ಊಹಿಸಬಲ್ಲೆ, ಆದರೆ ಊಹೆಯ ಮೇಲೆ ಔಷಧಿ ಕೊಡುವುದಿಲ್ಲ. ಮೇಲಿನ ನರ್ಸ್ ವಿಚಾರಿಸಿ ಹೇಳುವ ತನಕ ಕಾಯುತ್ತೇನೆ," ಎಂದರು.

ಇದು ಪರೀಕ್ಷಕಿ ಇಟ್ಟ ಬಲೆಯಲ್ಲ, ಆಕೆಗೇ ಇದು ಹೊಸದು. ಬದರಿನಾಥ್ ನಾಲಿಗೆ ಕಚ್ಚಿಕೊಂಡರು. ಅಯ್ಯೋ, ಆಫೀಸಿನ ತಾರೀಕು ಹೇಳಬೇಕಿತ್ತೇ, ನನ್ನಿಂದ ಹುಡುಗಿಗೆ ತೊಂದರೆಯಾಯಿತೇ ಎಂದು ಇಂಗ್ಲಿಷು ಕನ್ನಡ ಬೆರೆಸಿ ಪೇಚಾಡಿದರು. ಪರೀಕ್ಷಕಿ ಅವರ ಕತೆಯನ್ನೆಲ್ಲ ಕೇಳಿ, ನಗು ತಡೆದುಕೊಳ್ಳುತ್ತಲೇ ಏನೋ ಗೀಚಿದರು. ಆಮೇಲೆ ಅಂಬುಜಾಗೆ ಹೇಳಿದ್ದು ಇಷ್ಟೇ: "ನಿಲ್ಲಿಸಿದಿರಲ್ಲ, ನಾನು ನೋಡಬೇಕಾಗಿದ್ದದ್ದು ಅದನ್ನೇ. ನೀವು ಪಾಸು."

ಹೊರಗೆ ಕಾರ್ ಪಾರ್ಕಿನಲ್ಲಿ ಚಿದಾನಂದ ತಮ್ಮ ಹಳೆಯ ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ಕೂತು, ಮನೆಯಿಂದ ತಂದ ಗಿರ್ಮಿಟ್ಟಿನ ಡಬ್ಬಿಯನ್ನು ಮುಚ್ಚಳ ತೆಗೆಯದೆ ತೊಡೆಯ ಮೇಲಿಟ್ಟುಕೊಂಡಿದ್ದರು. ಹೆಂಡತಿ ಬಂದು ಪಕ್ಕದಲ್ಲಿ ಕೂತು ಗಳಗಳ ಅತ್ತಾಗ ಹೋಯಿತು ಎಂದೇ ತಿಳಿದರು.

"ನಾ ಅಂದೆ, ಹೋಗ್ಲಿ ಬಿಡು, ಗಿರ್ಮಿಟ್ ತಿನ್ನು. ಅಕಿ ಅಳಕೋತನ ತಿಂದ್ಲು. ಅರ್ಧ ಡಬ್ಬಿ ಆದಮ್ಯಾಲೆ 'ಪಾಸ್ ಆಗೇನ್ರಿ' ಅಂದ್ಲು! ಮೊದ್ಲ ಹೇಳಾಕೇನಾಗಿತ್ತು?"

"ಬಾಯಿ ತುಂಬ ಮಂಡಕ್ಕಿ ಇತ್ತಲ್ರೀ," ಎನ್ನುತ್ತಾರೆ ಅಂಬುಜಾ. ಆವತ್ತು ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಮನೆಗೆ ಬಂದವರೇ ಮಧ್ಯಾಹ್ನದಿಂದ ಸಂಜೆಯವರೆಗೆ ಮೈಮರೆತು ಮಲಗಿದರಂತೆ. ಅದಾಗಿ ಕೆಲ ವಾರಗಳಿಗೆ ಲಿಖಿತ ಪರೀಕ್ಷೆ. ಅಲ್ಲಿ ಮುದುಕರ ಮುಖ ನೋಡುವ ಪ್ರಶ್ನೆಯಿಲ್ಲ, ಸಲೀಸಾಗಿ ಬರೆದರು. ಈ ವರ್ಷದ ಮೊದಲಿಗೆ ಲೈಸೆನ್ಸು ಕೈಸೇರಿತು. ಮುಂದಿನ ಸೋಮವಾರ ನ್ಯಾನಿ ಕಾಹು ನೋವಿಗೆ ಕೈ ಚಾಚಿದಾಗ ಅಂಬುಜಾ ಓಡಿಹೋಗಿ ಯಾರನ್ನೂ ಹುಡುಕಲಿಲ್ಲ. ಹೆಸರು ಕೇಳಿದರು, ಪಟ್ಟಿ ನೋಡಿದರು, ಬೀಗ ತೆಗೆದರು.

ಈಗ ಬೆಳಗಿನ ಸುತ್ತು ಮುಗಿಯುವ ಹೊತ್ತಿಗೆ ಮಂಜು ಕರಗಿ ಬಿಸಿಲು ಬಿದ್ದಿದೆ. ಆಕೆಯ ವಿಂಗಿನಲ್ಲಿ ಇಪ್ಪತ್ತೆರಡು ಜನ, ಇಪ್ಪತ್ತೆರಡು ಹೆಸರು. ಮೇಲೆ ಹಿರಿಯ ನರ್ಸ್ ಇದ್ದಾರೆ, ಅವರ ಕಣ್ಗಾವಲಿನಲ್ಲೇ ಕೆಲಸ. ಸೊಂಟದಲ್ಲಿ ಕಪಾಟಿನ ಕೀಲಿಕೈ, ಮನೆಯ ಹಿರಿಸೊಸೆಯ ಸೊಂಟದಲ್ಲಿದ್ದಂತೆ. ಕೆಲವರು ಹೆಸರನ್ನು ಗೊಣಗುತ್ತ ಹೇಳುತ್ತಾರೆ, ಕೆಲವರು ಹಾಡುತ್ತಾರೆ. ಒಬ್ಬ ಅಜ್ಜ ಮರೆವಿನವರು. ಅವರು ಹೇಳುವ ತನಕ ಪಕ್ಕದಲ್ಲಿ ಕೂತು ಕಾಯುತ್ತಾರೆ; ಹೇಳಲಾಗದ ದಿನ ಪಟ್ಟಿ, ಫೋಟೊ ಎರಡನ್ನೂ ನೋಡಿ, ಇನ್ನೊಬ್ಬರನ್ನು ಕರೆದು ಖಾತ್ರಿ ಮಾಡಿಕೊಂಡೇ ಔಷಧಿ.

ದೊಡ್ಡ ನರ್ಸ್ ಆಗುವ ಆಸೆ ಇದೆಯೇ ಎಂದರೆ ಕೈ ಆಡಿಸಿಬಿಡುತ್ತಾರೆ. "ಇಷ್ಟ ಸಾಕ್ರೀ. ಒಂದ ಆಸಿ ಅಂದ್ರ, ಮುಂದ ನಾನೂ ಹಿಂಗ ಹಾಸಿಗಿ ಹಿಡಿಯೂದು ಬಂದೀತು. ಆವಾಗ ಚೀಟಿ ಓದಿ ಡಾರ್ಲಿಂಗ್ ಅನಬ್ಯಾಡ್ರಿ. ಯಾರರ ಬಂದು ಕೈ ಹಿಡದು ನನ್ನ ಹೆಸರು ಕೇಳ್ಲಿ."

ಹೊರಗೆ ಯೂಟ್ ಬಂದು ನಿಂತಿದೆ. ಚಿದಾನಂದ ಕಿಟಕಿಯ ಗಾಜು ಇಳಿಸಿ ಕೂತಿದ್ದಾರೆ. ಬೀಳ್ಕೊಡುವ ಮುನ್ನ, ಪತ್ರಿಕೆಯಲ್ಲಿ ಹೆಸರು ಹೇಗೆ ಹಾಕಬೇಕು, ಅಂಬುಜಾ ಸಿ. ಹೊಂಬಳ ಎಂದೇ ಸಾಕೇ ಎಂಬ ಪ್ರಶ್ನೆ ಬರುತ್ತದೆ. ಅಂಬುಜಾ ಗಾಡಿಯ ಕಡೆ ಒಮ್ಮೆ ನೋಡುತ್ತಾರೆ, ಸೆರಗಿಲ್ಲದ ನೀಲಿ ಸಮವಸ್ತ್ರದ ಕಾಲರನ್ನು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ನ್ಯಾನಿ ಕಾಹು ಕಲಿಸಿದಂತೆ ತಲೆ ಎತ್ತಿ, ಗಾಡಿಯವರೆಗೂ ಕೇಳಿಸುವಂತೆ ಹೇಳುತ್ತಾರೆ:

"ಪೂರ್ತಿ ಹಾಕ್ರಿ. ಅಂಬುಜಾ ಚಿದಾನಂದ ಹೊಂಬಳ."